ಚರಗ ಬಿದ್ದಷ್ಟು ಹೊಲ

‘ನೀರಿಗೆ ತಾಲೂಕು ಗೊತ್ತಿಲ್ಲ’ ಎಂಬ ವಾಕ್ಯವನ್ನು ನಾನು ಎಷ್ಟು ವೇದಿಕೆಗಳ ಮೇಲೆ ಹೇಳಿದ್ದೇನೆಂಬುದು ನನಗೆ ನೆನಪಿಲ್ಲ. ನನ್ನ ಸೋದರತ್ತೆಗೆ ನೆನಪಿದೆ. ಅವರ ಎದುರು ಆ ವಾಕ್ಯವನ್ನು ಪೂರ್ತಿ ಮುಗಿಸಿದ ಉದಾಹರಣೆಯೇ ಇಲ್ಲ. “ಹೌದಪಾ ಅಳಿಯಾ, ನೀರಿಗೆ ತಾಲೂಕಾ ಗೊತ್ತಿಲ್ಲ, ನಿನಗ ಹೊತ್ತು ಗೊತ್ತಿಲ್ಲ. ಮೊದಲ ಉಣ್ಣು” ಎಂದು ತಾಟನ್ನು ಮುಂದೆ ತಳ್ಳಿಬಿಡುತ್ತಾರೆ.

ಮಾತು ಹಳೆಯದಾಯಿತೆಂದ ಮಾತ್ರಕ್ಕೆ ಸುಳ್ಳಾಗುವುದಿಲ್ಲ ಎಂಬುದು ನನ್ನ ಮೊದಲ ನಿವೇದನೆ. ಇಂಡಿ, ಸಿಂದಗಿಗಳ ಮೇಲೆ ಸುರಿದ ಮಳೆ ಬಹುಪಾಲು ಭೀಮೆಯತ್ತ ಇಳಿಯುತ್ತದೆ. ಬಸವನ ಬಾಗೇವಾಡಿ, ಮುದ್ದೇಬಿಹಾಳಗಳದ್ದು ಡೋಣಿಯ ಪಾಲು, ಕೃಷ್ಣೆಯ ಪಾಲು. ನಡುವಿನ ದಿನ್ನೆಯ ಮೇಲೆ ಬಿದ್ದ ಹನಿ ಯಾವ ಕಡೆ ಉರುಳಬೇಕೆಂಬುದನ್ನು ನೆಲದ ಇಳಿಜಾರು ತೀರ್ಮಾನಿಸುತ್ತದೆಯೇ ಹೊರತು ತಹಶೀಲ್ದಾರರ ಕಚೇರಿಯ ಫಲಕವಲ್ಲ. ಕೆಲಸಗಳು ಮಾತ್ರ ಫಲಕವನ್ನು ನೋಡಿಕೊಂಡು ಬರುತ್ತವೆ. ಹಳ್ಳದ ತಲೆ ಒಂದು ತಾಲೂಕಿನಲ್ಲಿ, ಬಾಲ ಇನ್ನೊಂದರಲ್ಲಿ. ಬಾಲಕ್ಕೆ ಒಡ್ಡು ಕಟ್ಟುವವರಿಗೆ ತಲೆಯ ಪರಿಚಯವಿಲ್ಲ.

ಈ ಪರಿಚಯ ಮಾಡಿಸಲೆಂದೇ ನಾಲ್ಕೂ ತಾಲೂಕುಗಳ ಕೆಲವರು ಸೇರಿ ಒಂದು ಸಮಿತಿ ಮಾಡಿಕೊಂಡೆವು. ಅದಕ್ಕೆ ಕಚೇರಿಯಿಲ್ಲ, ಮೊಹರಿಲ್ಲ. ಸಭೆ ನಡೆದ ಮನೆಯ ಚಹಾಪುಡಿಯೇ ಅದರ ಖರ್ಚು. ಸಿಂದಗಿಯ ನಿವೃತ್ತ ಮುಖ್ಯಾಧ್ಯಾಪಕರು ನಮ್ಮ ಅಧ್ಯಕ್ಷರು. ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ ಅವರು ಚರ್ಚಾಸ್ಪರ್ಧೆಗಳಿಗೆ ತೀರ್ಪುಗಾರರಾಗಿ ಬರುತ್ತಿದ್ದರು. ನನ್ನ ಸಮಯ ಮುಗಿದರೆ ಗಂಟೆ ಬಾರಿಸುತ್ತಿದ್ದರು. ಈಗ ಗಂಟೆಯಿಲ್ಲದಿದ್ದರೂ ಪದ್ಧತಿ ಬಿಟ್ಟಿಲ್ಲ, ನನ್ನ ಮಾತು ಉದ್ದವಾದಾಗ ಸ್ಟೀಲ್ ಲೋಟಕ್ಕೆ ಚಮಚದಿಂದ ಒಂದು ಏಟು ಹಾಕುತ್ತಾರೆ. ಮುದ್ದೇಬಿಹಾಳದಿಂದ ಸಿವಿಲ್ ಎಂಜಿನಿಯರಿಂಗ್ ಓದಿದ ಒಬ್ಬ ಯುವತಿ ಬರುತ್ತಿದ್ದರು, ನಮಗೆಲ್ಲ ಅವರು ‘ಎಂಜಿನಿಯರ್ ಬಾಯಿ’. ನಕಾಶೆಯ ಕೆಲಸವೆಲ್ಲ ಅವರದೇ, ಮಾತು ಅಷ್ಟಕ್ಕಷ್ಟೇ. ಬಾಗೇವಾಡಿಯ ಬೀಜ–ಗೊಬ್ಬರದ ಅಂಗಡಿಯವರೊಬ್ಬರು ಇದ್ದರು. ಅವರು ಇಬ್ಬರ ಪಾಲಿನ ಮಾತನ್ನೂ ಆಡಿ ಆ ಕೊರತೆಯನ್ನು ತುಂಬುತ್ತಿದ್ದರು.

ಯೋಜನೆ ಸರಳವಾಗಿತ್ತು. ಒಂದೊಂದು ತಾಲೂಕಿನಿಂದ ಒಂದೊಂದು ಹಳ್ಳವನ್ನು ಆರಿಸಿ ತಲೆಯಿಂದ ಬಾಲದವರೆಗೆ ನಕಾಶೆ ಮಾಡುವುದು: ಮಳೆ ಎಲ್ಲಿ ಬೀಳುತ್ತದೆ, ಎಲ್ಲಿ ಹರಿಯುತ್ತದೆ, ಒಡ್ಡುಗಳು ನಿಜವಾಗಿ ಎಲ್ಲಿವೆ. ಒಂದು ದಾನಿ ಸಂಸ್ಥೆಯವರು ಬೇಸಿಗೆಯಲ್ಲಿ ಜೆಸಿಬಿ ಕೊಡಲು ಒಪ್ಪಿದ್ದರು. ಯಂತ್ರ ಒಂದೇ, ಬೇಸಿಗೆಯೂ ಒಂದೇ. ಯಾವ ಹಳ್ಳದ ನಕಾಶೆ ಮೊದಲು ಸಿದ್ಧವಾಗಿ, ಅದರ ದಂಡೆಯ ಜನ ಒಪ್ಪುತ್ತಾರೋ ಆ ಹಳ್ಳಕ್ಕೆ ಮೊದಲ ಸರದಿ. ಇಂಡಿಯ ಪರವಾಗಿ, ಅಲ್ಲಿ ಕಾಲೇಜು ಮಾಸ್ತರನಾದ ನಾನು ಮಂಡಿಸಿದ್ದು ಹೊರ್ತಿಯ ಆಚೆ ಒಳದಾರಿಯಲ್ಲಿರುವ ಅತ್ತೆಯ ಊರಿನ ಹಳ್ಳ. ಸ್ವಜನಪಕ್ಷಪಾತ ಎಂದು ಬಾಗೇವಾಡಿಯವರು ಕೂಡಲೇ ಆಕ್ಷೇಪಿಸಿದರು. ಆಕ್ಷೇಪ ಸಂಪೂರ್ಣ ಸತ್ಯವಾಗಿದ್ದುದರಿಂದ ನಾನು ಅದನ್ನು ಬಹಳ ಸಮರ್ಥವಾಗಿ ಖಂಡಿಸಿದೆ.

ಅತ್ತೆಯದು ಹಳ್ಳದ ದಂಡೆಯ ಹೊಲ. ಅರ್ಧ ಜೋಳ, ಅರ್ಧ ನಿಂಬೆ. ಗಿಡಗಳಿಗೆ ನೀರು ಕೊಡುವುದು ಹಳ್ಳದ ಪಕ್ಕದಲ್ಲೇ ಇರುವ ಕಲ್ಲಿನ ತೆರೆದ ಬಾವಿ. ಹಳ್ಳ ಹರಿದ ವರ್ಷ ಬಾವಿ ತಾನಾಗಿ ತುಂಬುತ್ತಿತ್ತು. ಆದರೆ ಎರಡೂ ದಂಡೆಯವರು ವರ್ಷಕ್ಕೊಂದಿಷ್ಟು ಒಳಗೊಳಗೆ ನೇಗಿಲು ಹೊಡೆದು, ಹಳ್ಳವೆಂಬುದು ಹೊಲದ ನಡುವಿನ ಒಂದು ಗೀರಾಗಿ ಉಳಿದಿತ್ತು. ಮೇಲಿನಿಂದ ಬಂದ ಮಳೆನೀರಿಗೆ ತನ್ನ ದಾರಿ ಸಿಗದೆ, ಅದು ಬಂಡಿದಾರಿ ಹಿಡಿದು, ಊರನ್ನು ಬಳಸಿ, ಡಾಂಬರು ರಸ್ತೆಯ ಮೋರಿ ಸೇರುತ್ತಿತ್ತು. ಬಾವಿ ಪಕ್ಕದಲ್ಲೇ ಕುಳಿತು ಒಣಗುತ್ತಿತ್ತು. ಹೀಗೇ ಇನ್ನೊಂದು ಬೇಸಿಗೆ ಹೋದರೆ ನಿಂಬೆಯ ತೋಟವನ್ನೇ ಕಿತ್ತು ಒಣಬೇಸಾಯಕ್ಕೆ ತಿರುಗುವುದು ಎಂದು ಅತ್ತೆ ನಿಶ್ಚಯಿಸಿದ್ದರು. ಇಂಡಿಯ ಮಾರುಕಟ್ಟೆಗೆ ಟೆಂಪೋದಲ್ಲಿ ತಾವೇ ಚೀಲದ ಜೊತೆ ಹೋಗಿ, ಹರಾಜಿನ ಸವಾಲು ಕೂಗುವವರ ಮೇಲೆ ತಾವೇ ಒಂದು ಸವಾಲು ಹಾಕಿ ಬರುವ ಹೆಂಗಸಿಗೆ ಆ ತೋಟ ಏನೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

“ನಿನ್ನ ಕಮಿಟಿ ನನಗ ತಿಳಿಯೂದಿಲ್ಲ” ಎಂದಿದ್ದರು. “ಹಳ್ಳ ಹಳೇ ದಾರಿಗೆ ಬರಬೇಕು, ಬಾವಿ ತುಂಬಬೇಕು. ಅಷ್ಟ ಮಾಡು. ಉಳಿದದ್ದು ಭಾಷಣದಾಗ ಹಾಕ್ಕೋ.”

ನಕಾಶೆಗೆ ಬೇಕಾದದ್ದು ಇಷ್ಟೇ: ಪ್ರತಿಯೊಬ್ಬರೂ ತಮ್ಮ ಹೊಲದ ಸುತ್ತ, ಬದುವಿನ ಮೇಲೆ ನಡೆಯಬೇಕು; ಎಂಜಿನಿಯರ್ ಬಾಯಿ ಫೋನು ಹಿಡಿದು ಹಿಂದೆ ನಡೆಯುತ್ತಾರೆ; ನಡೆದಂತೆ ಫೋನಿನಲ್ಲಿ ಗೆರೆ ಮೂಡುತ್ತದೆ. ಡಂಗುರ ಹೊಡೆಸಿದೆವು, ಯಾರೂ ಬರಲಿಲ್ಲ. ಮನೆಮನೆಗೆ ಹೋಗಿ ಕರೆದೆವು. ಎಲ್ಲರಿಗೂ ಅದೇ ದಿನ ಸೊಲ್ಲಾಪುರದಲ್ಲಿ ಬೀಗರ ಕಾರ್ಯಕ್ರಮವಿತ್ತು. ಹೊಲದಲ್ಲಿ ಫೋನು ಹಿಡಿದು ಅಳೆಯುವವರು ಬಂದರೆ ರಸ್ತೆಯೋ ಕಾಲುವೆಯೋ ಹಿಂದೆಯೇ ಬಂದು ಭೂಮಿ ಹೋಗುತ್ತದೆಂದು ಅವರ ಅನುಭವ. ಅನುಭವದ ವಿರುದ್ಧ ವಾದ ಮಾಡುವುದು ಕಷ್ಟ.

ಆಗ ನನಗೊಂದು ಉಪಾಯ ಹೊಳೆಯಿತು. ಇದನ್ನು ನಾನು ಈಗಲೂ ಜಾಣ ಉಪಾಯವೆಂದೇ ನಂಬಿದ್ದೇನೆ, ಆ ಬಗ್ಗೆ ಅತ್ತೆಯ ಅಭಿಪ್ರಾಯ ಬೇರೆ. ಎಳ್ಳ ಅಮಾವಾಸ್ಯೆ ಹತ್ತಿರವಿತ್ತು. ಅಂದು ನಮ್ಮ ಕಡೆ ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಸಜ್ಜೆಯ ಕಡುಬು, ಕಾಳು–ಸೊಪ್ಪಿನ ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಇಡೀ ಊರು ಹೊಲಕ್ಕೆ ಹೋಗುತ್ತದೆ. ಬನ್ನಿಗಿಡದ ಬುಡದಲ್ಲಿ ಪೂಜೆ ಮಾಡಿ, ತಂದ ಅಡಿಗೆಯನ್ನೆಲ್ಲ ಕಲೆಸಿ, ಹೊಲದ ಸುತ್ತ ನಡೆಯುತ್ತ ಬೆಳೆಯ ಮೇಲೆ ತೂರುತ್ತಾರೆ. ಒಬ್ಬರು ತೂರುತ್ತಾರೆ, ಇನ್ನೊಬ್ಬರು ಹಿಂದಿನಿಂದ ನೀರು ಚಿಮುಕಿಸುತ್ತಾರೆ. ಇದೇ ಚರಗ ಚೆಲ್ಲುವುದು. ಭೂಮಿತಾಯಿಯ ಬಯಕೆಯ ಊಟ. ನನ್ನ ತರ್ಕ ಹೀಗೆ ಸಾಗಿತು: ಕರೆದರೆ ಬರದವರು ಅಂದು ಕರೆಯದೆಯೇ ತಂತಮ್ಮ ಹೊಲದ ಸುತ್ತ ನಡೆಯುತ್ತಾರೆ. ನೀರು ಚಿಮುಕಿಸುವವರ ಹಿಂದೆ ಫೋನು ಹಿಡಿದವರೊಬ್ಬರು ನಡೆದರೆ ಯಾರಿಗೆ ತೊಂದರೆ? ಸಮಿತಿ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಲೋಟ ಬಾರಿಸುವುದನ್ನೂ ಮರೆತರು.

ಆ ದಿನ ನಾವು ನಾಲ್ವರೂ ಫೋನುಗಳೊಂದಿಗೆ ಹೊಲ ಹೊಕ್ಕೆವು. ನನ್ನ ತರ್ಕದಲ್ಲಿ ಊಟದ ಪ್ರಸ್ತಾಪವಿರಲಿಲ್ಲ. ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ಬಂದವರು ಉಣ್ಣದೆ ಹೋಗುವಂತಿಲ್ಲ. ಮೊದಲ ಹೊಲದಲ್ಲಿ ಹೊಟ್ಟೆತುಂಬ ಉಂಡೆವು, ಎರಡನೆಯದರಲ್ಲಿ ಮರ್ಯಾದೆಗೆಂದು ಉಂಡೆವು, ಮೂರನೆಯದರಲ್ಲಿ “ಅವರ ಹೊಲದಾಗ ಕಡುಬು ಇಳೀತು, ನಮ್ಮದು ಗಂಟಲದಾಗ ಇಳಿಯೂದಿಲ್ಲೇನ್ರಿ?” ಎಂಬ ಪ್ರಶ್ನೆಗೆ ಉತ್ತರವಾಗಿ ಉಂಡೆವು. ನಾಲ್ಕೂ ತಾಲೂಕುಗಳ ಪ್ರತಿನಿಧಿಗಳು ಮಧ್ಯಾಹ್ನದ ಹೊತ್ತಿಗೆ ಬದುವಿನ ಮೇಲೆ ಬಸುರಿ ಹೆಂಗಸರಂತೆ ಸೊಂಟದ ಮೇಲೆ ಕೈಯಿಟ್ಟು ನಡೆಯುತ್ತಿದ್ದರು. ಅಂದಿನ ಪೂಜೆಯ ಭಾವಕ್ಕೆ ಅದು ಒಪ್ಪುವಂತೆಯೂ ಇತ್ತೆನ್ನಿ. ಆದರೂ ಒಂದು ಹೊಲವನ್ನೂ ಬಿಡಲಿಲ್ಲ. ಎಲ್ಲರೂ ಎಷ್ಟು ಹುರುಪಿನಿಂದ ನಡೆದರೆಂದರೆ, ಫೋನು ತೋರಿಸಿ “ಬರಕೊಂಡ್ರೇನ್ರಿ? ಈ ಮೂಲಿ ಬಂತೇನ್ರಿ?” ಎಂದು ತಾವೇ ಕೇಳಿದರು. ಜನಜಾಗೃತಿ ಎಂಬುದರ ಮೇಲೆ ನನಗಿದ್ದ ಶ್ರದ್ಧೆ ಅಂದು ಇಮ್ಮಡಿಯಾಯಿತು.

ಮರುವಾರ ಎಂಜಿನಿಯರ್ ಬಾಯಿ ಲ್ಯಾಪ್‌ಟಾಪ್ ತಂದು ಅತ್ತೆಯ ಪಡಸಾಲೆಯಲ್ಲಿ ತೆರೆದರು. ಗೆರೆಗಳನ್ನೆಲ್ಲ ಕೂಡಿಸಿದ್ದರು. ಅವರು ಬಹಳ ಹೊತ್ತು ಪರದೆಯನ್ನು ನೋಡಿ, ಆಮೇಲೆ ನನ್ನನ್ನು ನೋಡಿ ಕೇಳಿದರು:

“ಸರ್, ಈ ಊರಾಗ ಭೂಮಿ ಎರಡ ಅಂತಸ್ತಿನ್ಯಾಗ ಐತೇನ್ರಿ?”

ನೋಡಿದೆ. ಪ್ರತಿ ಹೊಲದ ಗೆರೆಯೂ ಪಕ್ಕದ ಹೊಲದೊಳಗೆ ಕಾಲಿಟ್ಟಿತ್ತು. ಪಕ್ಕದ್ದು ಇದರೊಳಗೆ. ಹೊಲಗಳನ್ನೆಲ್ಲ ಕೂಡಿಸಿದರೆ ಊರಿಗಿಂತ ಊರಿನ ಹೊಲ ದೊಡ್ಡದಾಗುತ್ತಿತ್ತು. ಹಳ್ಳವಂತೂ ಎಲ್ಲಿಯೂ ಇರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಈಚೆ ದಂಡೆಯ ಹೊಲಗಳ ಮೇಲೆ ಆಚೆ ದಂಡೆಯ ಹೊಲಗಳು ಹೊದಿಕೆಯಂತೆ ಹಾಸಿಕೊಂಡಿದ್ದವು.

“ಫೋನ್ ಕೆಟ್ಟಿರಬೇಕು” ಎಂದೆ.

“ಫೋನ್ ಯಾಕ ಕೆಡತೈತಿ?” ಅತ್ತೆ ಒಳಗಿನಿಂದ ಮೊರದಲ್ಲಿ ಜೋಳ ಕೇರುತ್ತಲೇ ಹೇಳಿದರು. “ಚರಗ ಬದುವಿನ ಒಳಗಷ್ಟ ಚೆಲ್ಲತಾರೇನೋ? ತಾಯಿ ಜಿಪುಣಿ ಅಂತ ಬೈತಾಳ. ಒಂದ ಕೈ ಆಚೀಗೂ ಹಾರಸತಾರ. ಮೊದಲ ಕೈ ಹೋಗತೈತಿ, ಮರುವರ್ಷ ಕಾಲು ಹೋಗತೈತಿ, ಆಮ್ಯಾಲ ಬಿತ್ತೂ ಕೂರಿಗಿ ಹೋಗತೈತಿ.”

“ಇದು ತಪ್ಪಲ್ಲವೇ ಅತ್ತೀ?”

“ಅದರಾಗ ನೀ ಫೋನ್ ಹಿಡದು ಬರಿಯಾಕತ್ತೀ ಅಂತ ಊರತುಂಬ ಸುದ್ದಿ. ಬರಕೊಳ್ಳೂದ ಬರಕೋತಾರ, ಸಣ್ಣದು ಯಾಕ ಬರಸೂಣು ಅಂತ ಎಲ್ಲಾರೂ ಇನ್ನೊಂದ ಹೆಜ್ಜಿ ಆಚೀಗಿಂದನ ನಡದಾರ.”

“ನೀವು?”

ಮೊರದ ಸದ್ದು ನಿಂತಿತು. “ನಾ ಊರ ಬಿಟ್ಟ ಹೊರಗ ಅದೀನೇನು?”

ಹೀಗೆ ನಾಲ್ಕು ತಾಲೂಕುಗಳ ಮೊದಲ ವೈಜ್ಞಾನಿಕ ನಕಾಶೆಯಲ್ಲಿ ಊರಿನವರ ಹೊಲಗಳ ಬದಲು ಊರಿನವರ ಆಸೆಗಳು ದಾಖಲಾಗಿದ್ದವು.

ಶಿವರಾತ್ರಿಯ ಹಿಂದಿನ ವಾರ ಸಿಂದಗಿಯಲ್ಲಿ ಸಭೆ ಕೂಡಿತು. ಜೆಸಿಬಿಯ ಸರದಿ ಅಂದು ತೀರ್ಮಾನವಾಗಬೇಕಿತ್ತು. ನಮ್ಮ ನಕಾಶೆಯನ್ನು ಗೋಡೆಯ ಮೇಲೆ ಬಿಡಿಸಿದ್ದೇ ತಡ, ಬಾಗೇವಾಡಿಯವರು ಕುರ್ಚಿಯನ್ನು ಹಿಂದಕ್ಕೆಳೆದು ಕೈ ಮುಗಿದರು.

“ಎಲ್ಲಾರೂ ಭೂಮಿ ಕಳಕೊಳ್ಳಾಕತ್ತಾರ, ಇಂಡಿಯವ್ರು ಹೊಸಾದು ಹುಟ್ಟಸಾಕತ್ತಾರ. ನನ್ನ ಅಂಗಡ್ಯಾಗ ಇಂಥಾ ಬೀಜ ಇಲ್ರಿಯಪಾ! ಅಧ್ಯಕ್ಷರ, ನಮ್ಮ ಡೋಣಿ ಕಡೀ ಹಳ್ಳ ಹಳ್ಳದಂಗ ಐತಿ. ಜೆಸಿಬಿ ನಮ್ಮ ಕಡೀಗೆ ಕಳಸ್ರಿ.”

ಸಭೆ ನಕ್ಕಿತು. ಅಧ್ಯಕ್ಷರೂ ನಕ್ಕು ನನ್ನತ್ತ ನೋಡಿದರು. ಎದುರಾಳಿಯ ಅತ್ಯಂತ ಬಲವಾದ ಅಂಶವನ್ನು ಅಲ್ಲಗಳೆಯಬೇಡ, ಅದನ್ನೇ ನಿನ್ನ ಅಂಶವಾಗಿ ಮಾಡಿಕೊ ಎಂದು ಕಲಿತವನು ನಾನು. ಎದ್ದು ನಿಂತೆ.

“ಮಾನ್ಯ ಅಧ್ಯಕ್ಷರೇ, ಈ ನಕಾಶೆಯಲ್ಲಿ ಹಳ್ಳವಿಲ್ಲ ಎಂದು ನನ್ನ ಮಿತ್ರರು ಹೇಳುತ್ತಾರೆ. ಹಳ್ಳ ಇದೆ. ಎರಡು ಗೆರೆಗಳು ಒಂದರ ಮೇಲೊಂದು ಬಿದ್ದಿರುವ ಈ ಪಟ್ಟಿಯನ್ನು ನೋಡಿ. ಈಚೆಯವರು ಇದು ತಮ್ಮದೆನ್ನುತ್ತಾರೆ, ಆಚೆಯವರೂ ತಮ್ಮದೆನ್ನುತ್ತಾರೆ. ಹಾಗಾದರೆ ಇದು ಇಬ್ಬರದೂ ಅಲ್ಲ. ಸರಕಾರದ ಹಳೆಯ ಸರ್ವೆ ನಕಾಶೆಯನ್ನು ಇದರ ಮೇಲಿಟ್ಟು ನೋಡಿದ್ದೇವೆ. ಅಲ್ಲಿ ಹಳ್ಳ ಹರಿದಿದ್ದ ದಾರಿಯೂ ಇದೇ. ಹಳ್ಳ ಎಲ್ಲಿತ್ತೆಂಬುದಕ್ಕೆ ಇಡೀ ಊರು ಹಬ್ಬದ ದಿನ ಸ್ವಂತ ಕಾಲಿನಿಂದ ಸಾಕ್ಷಿ ಹೇಳಿದೆ. ಈ ಪಟ್ಟಿಯನ್ನು ಹಳ್ಳಕ್ಕೆ ಮರಳಿಸೋಣ. ಎರಡನೆಯದಾಗಿ—”

ಲೋಟ ಟಣ್ ಎಂದಿತು. “ಒಂದನೇದ ಸಾಕು ತಮ್ಮಾ. ಎರಡನೇದು ಹೇಳಿದ್ರ ಒಂದನೇದು ಕೆಡತೈತಿ” ಎಂದರು ಅಧ್ಯಕ್ಷರು. ಆಮೇಲೆ ತೀರ್ಪು: “ಅಂಶ ಒಪ್ಪಿದೆ. ಆದರ ಅಂಶಕ್ಕ ಜೆಸಿಬಿ ಕೊಡೂದಿಲ್ಲ, ಜನಕ್ಕ ಕೊಡತೇವಿ. ಯುಗಾದಿ ಒಳಗ ಆ ಪಟ್ಟಿಯಾಗಿನವ್ರೆಲ್ಲಾ ಹೂಂ ಅನ್ನಬೇಕು. ಇಲ್ಲಂದ್ರ ಯಂತ್ರ ಬಾಗೇವಾಡಿಗೆ.”

ಊರಿಗೆ ಬಂದು ಒಬ್ಬೊಬ್ಬರನ್ನೇ ಕಂಡೆ. ಎಲ್ಲರಿಂದಲೂ ಒಂದೇ ಉತ್ತರ. ಅದನ್ನು ಹೆಚ್ಚು ಸ್ಪಷ್ಟವಾಗಿ ಹೇಳಿದವರು ಹಳ್ಳದ ಆಚೆ ದಂಡೆಯ ಕಾಕಾ. ಅತ್ತೆಯ ಹೊಲದ ಎದುರಿನ ಹೊಲ ಅವರದು. ಅತ್ತೆಯೊಂದಿಗೆ ಹಳ್ಳದ ಅಡ್ಡ ನಿಂತು ಕೂಗಿ ಮಾತಾಡುವುದು ಅವರ ದಿನನಿತ್ಯದ ವ್ಯಾಯಾಮ.

“ನಾವು ಒಲ್ಲೆ ಅನ್ನಂಗಿಲ್ಲ ಮಾಸ್ತರ. ಬಾವಿ ತುಂಬೂದು ಯಾರದು? ಅಕ್ಕಂದು. ಹಳ್ಳದಾಗ ಹೆಚ್ಚ ಒಳಗ ಬಂದಿರೂದು ಏನು? ಅಕ್ಕನ ಲಿಂಬಿ ಸಾಲು. ಮೊದಲ ಅದು ತಗೀಲಿ. ಮರುದಿನ ನಾ ನನ್ನ ತೊಗರಿ ತಗೀತೇನಿ, ನನ್ನ ಹಿಂದ ಊರು ತಗೀತೈತಿ.”

ಮಾತು ನಿಜವೇ ಆಗಿತ್ತು. ಅತ್ತೆಯ ತೋಟದ ಕೊನೆಯ ಸಾಲು ಹಳೆಯ ಹಳ್ಳದ ನಡುಮಧ್ಯೆ ನಿಂತಿತ್ತು. ಹಳ್ಳದ ಮಣ್ಣಿನ ಸಾರವನ್ನೆಲ್ಲ ಹೀರಿ ಇಡೀ ತೋಟದಲ್ಲಿ ಹೆಚ್ಚು ಕಾಯಿ ಬಿಡುತ್ತಿದ್ದುದೂ ಅದೇ ಸಾಲು. ನಮ್ಮ ಬಳಗದ ಎಲ್ಲ ಮನೆಗಳ ಉಪ್ಪಿನಕಾಯಿ ಭರಣಿಗಳೂ ಆ ಸಾಲಿನಿಂದಲೇ ತುಂಬುತ್ತಿದ್ದವು. ಅಧ್ಯಕ್ಷರ ಮನೆಯದೂ ಸೇರಿದಂತೆ. ಬಾವಿ ತುಂಬಬೇಕಾದರೆ ಆ ಸಾಲು ಹೋಗಬೇಕು. ಅದನ್ನು ಹೋಗಿ ಹೇಳಬೇಕಾದವನು ನಾನು.

ನಾನು ಎಂಜಿನಿಯರ್ ಬಾಯಿಯನ್ನೂ ಕರೆದುಕೊಂಡು ಹೋದೆ. ಕಾಕಾ ಕರೆಯದೆಯೇ ಬಂದು ಕಟ್ಟೆಯ ಮೇಲೆ ಕುಳಿತರು. ಅತ್ತೆ ನನ್ನ ಮೂರು ಅಂಶಗಳನ್ನೂ ಅಡ್ಡ ಬಾಯಿ ಹಾಕದೆ ಕೇಳಿದರು. ಅದೇ ನನಗೆ ಅಂಜಿಕೆ ಹುಟ್ಟಿಸಿತು.

“ಮುಗೀತೇನು? ನನ್ನ ಪರವಾಗಿ ಮಾತಾಡಾಕ ಕಳಿಸಿದ್ನಿ, ನನ್ನ ಗಿಡಾ ಕಡಿ ಅಂತ ಹೇಳಾಕ ಬಂದಿ. ಇರಲಿ.” ಅವರು ಗೋಡೆಯ ಗೂಡಿನತ್ತ ಕೈ ತೋರಿಸಿದರು. ಓದುವ ಕಾಲಕ್ಕೆ ನಾನು ಅವರ ಮನೆಯಲ್ಲೇ ಇದ್ದೆ; ಗೆದ್ದ ಕಪ್ಪುಗಳು ಆ ಗೂಡಿನಲ್ಲೇ ಉಳಿದಿವೆ, ಒಂದರಲ್ಲಿ ಸಾಸಿವೆ, ಇನ್ನೊಂದರಲ್ಲಿ ಸೌತೆಬೀಜ. “ಕಾಲೇಜಿನ್ಯಾಗ ಪರಾನೂ ಮಾತಾಡಿ, ವಿರೋಧಾನೂ ಮಾತಾಡಿ ಅವನ್ನೆಲ್ಲಾ ತಂದೀಯಲ್ಲಾ. ಈಗ ನನ್ನ ಗಿಡದ ಕಡೀಲಿಂದ ಮಾತಾಡು. ಕೇಳೂಣು.”

ಇದು ಸ್ಪರ್ಧೆಯ ನಿಯಮಕ್ಕೆ ಅನುಗುಣವಾಗಿತ್ತು, ನಿರಾಕರಿಸಲು ಆಧಾರವಿರಲಿಲ್ಲ. ಗಂಟಲು ಸರಿಮಾಡಿಕೊಂಡು ನಿಂಬೆಯ ಪರವಾಗಿ ನಿಂತೆ. ಗಿಡವೂ ನೀರು ಹಿಡಿಯುತ್ತದೆ, ಬೇರೂ ಒಡ್ಡೇ ಎಂದೆ. ಜನರ ತಪ್ಪಿಗೆ ಗಿಡವನ್ನು ದಂಡಿಸುವುದು ಯಾವ ನ್ಯಾಯ ಎಂದೆ. ಇನ್ನೂ ಬಾರದ ಮಳೆಗಾಗಿ, ಇದ್ದ ಹಸುರನ್ನು ಕಡಿಯುವ ಯೋಜನೆ ಯೋಜನೆಯೇ ಎಂದು ಕೇಳಿದೆ. ಆ ಹೊತ್ತಿಗೆ ನನಗೆ ಒಂದು ಲಯ ಸಿಕ್ಕಿತ್ತು. ಮಾತು ಮುಗಿದಾಗ ಕಾಕಾ ಟೋಪಿ ತೆಗೆದು ಕಣ್ಣು ಒರೆಸಿಕೊಂಡರು.

“ಬ್ಯಾಡ ಅಕ್ಕಾ” ಎಂದರು ಅವರು. “ಆ ಗಿಡಾ ಕಡೀಬ್ಯಾಡ. ಪಾಪ ಐತಿ.”

ಎಂಜಿನಿಯರ್ ಬಾಯಿ ನನ್ನನ್ನು ನೋಡಿದ ನೋಟವನ್ನು ನಾನು ವರ್ಣಿಸಲಾರೆ. ವಾದದಲ್ಲಿ ನನ್ನನ್ನು ಸೋಲಿಸಿದವರು ಜಿಲ್ಲೆಯಲ್ಲಿ ವಿರಳ. ಅಂದು ನಾನೇ ಆ ಕೆಲಸವನ್ನೂ ಮಾಡಿ ಮುಗಿಸಿದ್ದೆ.

ಅತ್ತೆ ಮಾತ್ರ ನಗುತ್ತಿದ್ದರು. “ಕಪ್ ಯಾರಿಗೂ ಇಲ್ಲ. ಎರಡೂ ಕಡೀ ಇಷ್ಟ ಚಂದ ಮಾತಾಡಾಂವನ ಮಾತು ಕೇಳಿ ಗಿಡಾ ಇಡಾಕೂ ಬರೂದಿಲ್ಲ, ಕಡಿಯಾಕೂ ಬರೂದಿಲ್ಲ. ನೀ ಹೇಳವ್ವಾ” ಎಂದು ಎಂಜಿನಿಯರ್ ಬಾಯಿಯತ್ತ ತಿರುಗಿದರು. “ಸಾಲು ಹಂಗ ಬಿಟ್ಟು ಹಳ್ಳ ಬಿಡಸಿದ್ರ ಏನಾಗತೈತಿ?”

“ನೀರು ಮತ್ತ ಅಡ್ಡದಾರಿ ಹಿಡೀತೈತ್ರಿ. ಇಲ್ಲಾ ಬುಡದಾಗ ನಿಂತು ಬೇರು ಕೊಳೀತಾವು. ಲಿಂಬಿಗೆ ನಿಂತ ನೀರು ಆಗಂಗಿಲ್ರಿ.”

“ಸಾಲು ತಗದ್ರ ಬಾವಿ ತುಂಬತೈತೇನು?”

ನಾನು ಬಾಯಿ ತೆರೆದೆ. ತುಂಬಿಯೇ ತುಂಬುತ್ತದೆ ಎಂಬುದಕ್ಕೆ ನನ್ನಲ್ಲಿ ಬಹಳ ಒಳ್ಳೆಯ ಒಂದು ವಾಕ್ಯವಿತ್ತು. ಎಂಜಿನಿಯರ್ ಬಾಯಿ ಅದಕ್ಕೆ ಅವಕಾಶ ಕೊಡಲಿಲ್ಲ.

“ಅದು ಹೇಳಾಕ ಬರೂದಿಲ್ರಿ ಅಮ್ಮಾರ. ಮಳಿ ಮ್ಯಾಲ ಐತಿ. ನೀರು ಬಂದ್ರ ಬಾವಿ ಕಡೀ ಬರಾಕ ದಾರಿ ಇರ್ತೈತಿ, ಅಷ್ಟ ಹೇಳಬಲ್ಲೆ.”

ಅತ್ತೆ ಹೊರಗೆ ತೋಟದ ಕಡೆ ನೋಡಿದರು. ಆ ಸಾಲು ಅಲ್ಲಿಂದ ಕಾಣುತ್ತದೆ.

“ನಮ್ಮ ಊರಿಗೆ ಬಂದವ್ರೆಲ್ಲಾ ಗ್ಯಾರಂಟಿ ಕೊಟ್ಟ ಹೋದ್ರು” ಎಂದರು ಕೊನೆಗೆ. “ಕೊಡದಾಕಿ ಇಕಿ ಒಬ್ಬಾಕಿನ ನೋಡು. ಇರಲಿ, ತಗಿಯೂಣು. ಆದರ ಬ್ಯಾಸಗಿ ಕಾಯಿ ಪೂರಾ ಇಳಿಸಿದ ಮ್ಯಾಲ. ಮತ್ತ ನೀ—” ಬೆರಳು ಕಾಕಾನತ್ತ ಹೊರಳಿತು, “ಈಗ ಕಣ್ಣೀರು ಹಾಕಿದ್ಯಲ್ಲಾ, ಬುಡ ಕೀಳಾಕ ನಿನ್ನ ಟ್ರ್ಯಾಕ್ಟರನ ಬರಬೇಕು. ನನ್ನ ಸಾಲಿನಷ್ಟ ಅಗಲ ನಿನ್ನ ತೊಗರೀದೂ ಹೋಗಬೇಕು. ಒಂದ ಗೇಣು ಕಡಿಮ್ಯಾದ್ರೂ ನಾ ಹಳ್ಳದಾಗ ನಿಂತು ಒದರತೇನಿ.”

“ನೀ ದಿನಾ ಒದರತಿ, ಇದರಾಗ ಹೊಸಾದೇನೈತಿ ಅಕ್ಕಾ?” ಎಂದರು ಕಾಕಾ. ಅದು ಒಪ್ಪಿಗೆಯಾಗಿತ್ತು.

ಯುಗಾದಿಯ ಹೊತ್ತಿಗೆ ದಂಡೆಯ ಇತರರೂ ಹೂಂ ಎಂದರು. ಕೆಲವರು ಬಾಯಿಂದ, ಕೆಲವರು ಅತ್ತೆ ಬಾಗಿಲಲ್ಲಿ ನಿಂತದ್ದನ್ನು ನೋಡಿ. ಬೇಸಿಗೆಯ ಕೊನೆಗೆ ಕಾಯಿ ಇಳಿದವು, ಜೆಸಿಬಿ ಬಂತು. ಮರ ಕಡಿಯುವ ದಿನ ಅತ್ತೆ ಹೊಲದ ಕಡೆ ಬರಲಿಲ್ಲ. ಕೊಡದ ತುಂಬ ಮಜ್ಜಿಗೆ ಕಳಿಸಿದರು. ಕಾಕಾನ ಟ್ರ್ಯಾಕ್ಟರ್ ಮೊದಲ ಬುಡವನ್ನು ಎಳೆದಾಗ ಹಸಿ ನಿಂಬೆಯ ಬೇರಿನ ವಾಸನೆ ಹೊಲವೆಲ್ಲ ಹರಡಿತು. ಸಂಜೆ ಮನೆಗೆ ಹೋದಾಗ ಅವರು ಹೆಚ್ಚೇನೂ ಕೇಳಲಿಲ್ಲ. “ಬುಡ ಎಲ್ಲಾ ಬಂದ್ವೇನು?” ಎಂದರು. ಬಂದವು ಎಂದೆ. ಅಂದು ಅವರು ನನಗೆ ಬಡಿಸಿದ ಉಪ್ಪಿನಕಾಯಿ ಆ ಸಾಲಿನದೇ. ವಾದ–ಪ್ರತಿವಾದಗಳಿಲ್ಲದೆ ಉಂಡೆ.

ಮುಂಗಾರಿನ ಮಳೆ ನಮ್ಮ ಯೋಜನೆಯನ್ನು ಓದಿಕೊಂಡಿರಲಿಲ್ಲ. ನೆಲ ನೆನೆಯುವಷ್ಟು ಬಂದು ಹೋಯಿತು. ಹೊಸದಾಗಿ ತೋಡಿದ ಹಳ್ಳ ಬಾಯಿ ತೆರೆದು ಮಲಗಿತ್ತು. ದಂಡೆಯ ಜನ ನನ್ನನ್ನು ಕಂಡಾಗ ವಿನಯದಿಂದ ಹವಾಮಾನ ವಿಚಾರಿಸತೊಡಗಿದರು. ಬಾಗೇವಾಡಿಯವರು ಫೋನು ಮಾಡಿ, “ಹೊಸಾ ಆಟದ ಮೈದಾನ ಚಲೋ ಆಗೇತಂತಲ್ರಿ?” ಎಂದರು. ಅತ್ತೆಯೊಬ್ಬರೇ ಏನೂ ಅನ್ನಲಿಲ್ಲ. ಬಾವಿಯ ತಳದಲ್ಲಿ ಉಳಿದ ನೀರನ್ನು ಅವರು ಗಿಡಕ್ಕೊಂದು ಕೊಡದ ಲೆಕ್ಕದಲ್ಲಿ ಹಂಚುತ್ತಿದ್ದರು.

ಸೆಪ್ಟೆಂಬರಿನಲ್ಲಿ ಉತ್ತರಿ ಮಳೆ ಹೂಡಿದ ಮೇಲೆ ಒಂದು ಮುಂಜಾನೆ, ನಾನು ಕಾಲೇಜಿಗೆ ಹೊರಟಾಗ, ಫೋನು ಬಂತು. ಹಿನ್ನೆಲೆಯಲ್ಲಿ ಜನರ ಗದ್ದಲ, ಏನೋ ಭೋರ್ಗರೆತ.

“ಅಳಿಯಾ, ನಿನ್ನ ತಾಲೂಕಾ ಗೊತ್ತಿಲ್ಲದ ನೀರು ಬಂದೈತಿ” ಎಂದರು ಅತ್ತೆ. “ನಮ್ಮ ಬಾವಿ ಹಾದಿ ಗೊತ್ತೈತಿ ಅದಕ್ಕ. ಬಾ ಲಗೂನ.”

ರಜೆಯ ಅರ್ಜಿಯಲ್ಲಿ ಕಾರಣವೇನೆಂದು ಬರೆಯಬೇಕೋ ತಿಳಿಯದೆ ‘ಬಂಧುಗಳ ಆಗಮನ’ ಎಂದು ಬರೆದು ಓಡಿದೆ. ಹೊರ್ತಿಯಿಂದ ಆಚೆ ಟೆಂಪೋ ಹೋಗಲಿಲ್ಲ, ನಡೆದೆ. ಬಂಡಿದಾರಿಯಲ್ಲಿ ನೀರಿರಲಿಲ್ಲ. ಕೆಂಪು–ಕಪ್ಪು ಬೆರೆತ ನೀರು ತನ್ನ ಹಳೆಯ ದಾರಿಯಲ್ಲಿ, ಎರಡು ದಂಡೆಗಳ ನಡುವೆ, ನಿಂಬೆಯ ಸಾಲು ನಿಂತಿದ್ದ ಜಾಗವನ್ನು ದಾಟಿ ಹೋಗುತ್ತಿತ್ತು. ಅತ್ತೆ ಬಾವಿಯ ಕಟ್ಟೆ ಹಿಡಿದು ಒಳಗೆ ನೋಡುತ್ತಿದ್ದರು. ಕಲ್ಲಿನ ಸಂದುಗಳಿಂದ ನೀರು ಜಿನುಗುತ್ತಿತ್ತು. ಅವರ ಪಕ್ಕದಲ್ಲಿ ನಿಂತೆ. ಹೇಳಲು ಬಹಳವಿತ್ತು. ಜಿನುಗುವ ಸದ್ದು ಕೇಳಿಸಬೇಕಾಗಿದ್ದುದರಿಂದ ಹೇಳಲಿಲ್ಲ.

ಈ ವರ್ಷದ ಎಳ್ಳ ಅಮಾವಾಸ್ಯೆಗೆ ಸಮಿತಿಯವರೆಲ್ಲ ಅತ್ತೆಯ ಹೊಲಕ್ಕೆ ಬಂದಿದ್ದರು. ಈ ಸಲ ಎಲ್ಲರೂ ಬೆಳಗಿನ ಉಪಾಹಾರ ಬಿಟ್ಟು ಬಂದಿದ್ದರು. ಬಾಗೇವಾಡಿಯವರೂ ಬಂದಿದ್ದರು, ಮುಂದಿನ ಬೇಸಿಗೆ ಯಂತ್ರ ಅವರ ಹಳ್ಳಕ್ಕೆ, ಆದ್ದರಿಂದ ಬಹಳ ಪ್ರಸನ್ನರಾಗಿದ್ದರು. ಬಾವಿ ಅರ್ಧಕ್ಕಿಂತ ಮೇಲಿತ್ತು. ಉಳಿದ ನಿಂಬೆಗಳು ಹೂ ಬಿಟ್ಟಿದ್ದವು.

ಅತ್ತೆ ಚರಗದ ಬುಟ್ಟಿ ಸೊಂಟಕ್ಕಿಟ್ಟು ನಡೆದರು. ನಾನು ಹಿಂದಿನಿಂದ ನೀರು ಚಿಮುಕಿಸಿದೆ. ಹಳ್ಳದ ದಂಡೆಗೆ ಬಂದಾಗ ನಿಂತರು. ಕೆಳಗೆ, ತೋಡಿದ ಗುಂಡಿಗಳಲ್ಲಿ ನೀರು ತಿಳಿಯಾಗಿ ನಿಂತಿತ್ತು. ಆಚೆ ದಂಡೆಯಲ್ಲಿ ಕಾಕಾ, ಅವರ ಕೈಯಲ್ಲೂ ಬುಟ್ಟಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಹೊಸ ದಂಡೆಯ ಮಣ್ಣನ್ನು ಇಬ್ಬರೂ ತುಳಿಯಲಿಲ್ಲ. ಆಮೇಲೆ ಅತ್ತೆ, ಸೀರೆಯ ಸೆರಗನ್ನು ಬಿಗಿದು, ಒಂದು ದೊಡ್ಡ ಮುಷ್ಟಿ ಚರಗವನ್ನು ಇಡೀ ತೋಳು ಬೀಸಿ ಎಸೆದರು. ಕಾಕಾ ಕೂಡ ಎಸೆದರು. ಎರಡೂ ನೀರಿನಲ್ಲಿ ಬಿದ್ದವು.

“ಬರಕೊಂಡಿಯೇನವ್ವಾ?” ಎಂದು ಅತ್ತೆ ತಿರುಗಿ ಕೇಳಿದರು.

“ಫೋನ್ ಚೀಲದಾಗ ಐತ್ರಿ ಅಮ್ಮಾರ” ಎಂದರು ಎಂ‌ಜಿನಿಯರ್ ಬಾಯಿ.

“ನಂದು ನಿನ್ನ ಕಡೀ ದಂಡಿಗೆ ಸಮೀಪ ಬಿತ್ತು ಅಕ್ಕಾ!” ಕಾಕಾ ಆಚೆಯಿಂದ ಕೂಗಿದರು.

“ನಿನ್ನ ಕಣ್ಣಿಗೆ ಪೊರಿ ಬಂದೈತಿ. ನಂದ ಮುಂದ ಬಿದ್ದೈತಿ. ಅಳಿಯಾ, ನೀ ಹೇಳು, ಯಾರದು ಮುಂದ?”

ಎರಡೂ ದಂಡೆಗಳು ನನ್ನತ್ತ ನೋಡಿದವು. ನಾನು ನೀರನ್ನು ನೋಡಿದೆ. ಸಜ್ಜೆಯ ತುಣುಕುಗಳು ಬೆರೆತುಹೋಗಿ, ಯಾವುದು ಯಾರದೆಂದು ತಿಳಿಯುವಂತಿರಲಿಲ್ಲ. ಗಂಟಲು ಸರಿಮಾಡಿಕೊಂಡೆ. ನನ್ನ ಹಿಂದೆ, ಬನ್ನಿಗಿಡದ ನೆರಳಿನಲ್ಲಿ, ಅಧ್ಯಕ್ಷರು ತಾಟಿನ ಅಂಚಿಗೆ ಚಮಚದಿಂದ ಒಂದು ಏಟು ಹಾಕಿದರು.

“ಆಮ್ಯಾಲ ಹೇಳುವಂತಿ” ಎಂದರು. “ಕಡುಬು ಆರಾಕತ್ತಾವು.”